ಪೊಮೊಡೊರೊ, ಜಿಟಿಡಿ, ಟೈಮ್ ಬ್ಲಾಕಿಂಗ್: ಯಾವುದು ಯಾರಿಗೆ ಆಗಿಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಮಾಡುವ ವಿಧಾನಗಳ ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಕಾಲೇಜು ಹುಡುಗರು, ಐಟಿಯವರು, ಅಂಗಡಿ ನಡೆಸುವವರು, ಮನೆ ನಿಭಾಯಿಸುವವರು ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ತಲೆ ಕೆಡಿಸುವವು. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಇಷ್ಟೊಂದು ವಿಧಾನ ಇದಾವಲ್ಲ ಮೇಡಂ, ಒಂದೇ ಒಂದು ಹೇಳಿ. ಯಾವುದು ಬೆಸ್ಟ್?

ನೀವು ಎರಡು ವಿಷಯ ಹೇಳಿದರೆ ನಾನು ಉತ್ತರ ಹೇಳಬಹುದು. ಒಂದು, ನಿಮ್ಮ ಕೆಲಸ ಎಲ್ಲಿ ಕೆಡುತ್ತದೆ? ಶುರು ಮಾಡುವುದಕ್ಕೇ ಮನಸ್ಸು ಬರುವುದಿಲ್ಲವಾ, ಮರೆತುಹೋಗುತ್ತದಾ, ಯಾವುದು ಮೊದಲು ಅಂತ ಗೊತ್ತಾಗುವುದಿಲ್ಲವಾ, ಶುರು ಮಾಡಿದ್ದು ಮುಗಿಯುವುದೇ ಇಲ್ಲವಾ? ಎರಡು, ನಿಮ್ಮ ದಿನದಲ್ಲಿ ಎಷ್ಟು ಹೊತ್ತು ನಿಜವಾಗಿ ನಿಮ್ಮ ಕೈಯಲ್ಲಿದೆ?

ಎರಡನೆಯದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅದೇ ಮುಖ್ಯ. ಟೈಮ್ ಬ್ಲಾಕಿಂಗ್‌ಗೆ, ಅಂದರೆ ಯಾವ ಹೊತ್ತಿಗೆ ಯಾವ ಕೆಲಸ ಅಂತ ಕ್ಯಾಲೆಂಡರ್‌ನಲ್ಲಿ ಮೊದಲೇ ಕಾದಿರಿಸುವುದಕ್ಕೆ, ಹೆಚ್ಚುಕಡಿಮೆ ಇಡೀ ದಿನ ನಿಮ್ಮದಾಗಿರಬೇಕು. ಟೈಮರ್ ಇಟ್ಟು ಕೆಲಸ ಮಾಡುವ ಪೊಮೊಡೊರೊಗೆ ಯಾರೂ ಕರೆಯದ 25 ನಿಮಿಷ ಬೇಕು. ಎಲ್ಲ ಕೆಲಸವನ್ನೂ ತಲೆಯಿಂದ ಪಟ್ಟಿಗಳಿಗೆ ಇಳಿಸುವ ಜಿಟಿಡಿಗೆ (ಗೆಟಿಂಗ್ ಥಿಂಗ್ಸ್ ಡನ್) ವಾರಕ್ಕೊಮ್ಮೆ ಒಂದೆರಡು ಗಂಟೆ ಪುರುಸೊತ್ತು ಬೇಕು. ರಾತ್ರಿ ಮಲಗುವ ಮುಂಚೆ ನಾಳೆಯ ಪಟ್ಟಿ ಬರೆಯುವುದಕ್ಕೆ ಐದು ನಿಮಿಷ ಸಾಕು. 'ಇಂಥದ್ದು ಆದ ತಕ್ಷಣ ಇಂಥದ್ದು ಮಾಡುತ್ತೇನೆ' ಅಂತ ಮೊದಲೇ ಗೊತ್ತು ಮಾಡಿಕೊಳ್ಳುವುದಕ್ಕೆ ಅದೂ ಬೇಡ.

ಈ ವಿಧಾನಗಳನ್ನು ಹೇಳಿಕೊಟ್ಟವರಲ್ಲಿ ಹೆಚ್ಚಿನವರು ಕನ್ಸಲ್ಟೆಂಟ್‌ಗಳು, ಪ್ರೊಫೆಸರ್‌ಗಳು, ಲೇಖಕರು. ತಮ್ಮ ಸಮಯಕ್ಕೆ ತಾವೇ ಯಜಮಾನರು. ನಿಮ್ಮ ದಿನ ಹಾಗಿಲ್ಲದಿದ್ದರೆ ಅವರ ವಿಧಾನ ಇದ್ದ ಹಾಗೇ ಕೂರುವುದಿಲ್ಲ. ಅದಕ್ಕೆ ನಿಮ್ಮ ಸೋಮಾರಿತನವನ್ನು ಬೈದುಕೊಳ್ಳಬೇಕಾಗಿಲ್ಲ.

ಇವೆಲ್ಲ ನಿಜವಾಗ್ಲೂ ಕೆಲಸ ಮಾಡುತ್ತಾ, ಇಲ್ಲ ಪುಸ್ತಕ ಮಾರೋ ಗಿಮಿಕ್ಕಾ?

ಎರಡೂ ಸ್ವಲ್ಪ ಸ್ವಲ್ಪ. ಸಮಯ ನಿರ್ವಹಣೆಯ ಬಗ್ಗೆ ಆಗಿದ್ದ 158 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ ಒಂದು ದೊಡ್ಡ ವಿಶ್ಲೇಷಣೆ 2021ರಲ್ಲಿ ಬಂತು. ಕೆಲಸ ಮತ್ತು ಓದಿನ ಸಾಧನೆಯ ಜೊತೆ ಸಾಧಾರಣ ನಂಟು ಕಂಡಿತು. ಬದುಕಿನ ಬಗ್ಗೆ ಇರುವ ತೃಪ್ತಿಯ ಜೊತೆ ನಂಟು ಅದಕ್ಕಿಂತ ಗಟ್ಟಿಯಾಗಿತ್ತು. ಹಾಗಾಗಿ ಕೆಲಸ ಎರಡು ಪಟ್ಟು ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ತಲೆಬಿಸಿ ಕಡಿಮೆಯಾಗುತ್ತದೆ ಅಂದರೆ ನಂಬಬಹುದು. ಅದರಲ್ಲೂ ಒಂದು ಅನುಮಾನ ಇಟ್ಟುಕೊಳ್ಳಿ. ಮೊದಲೇ ನೆಮ್ಮದಿಯಾಗಿರುವವರಿಗೆ ಯೋಜನೆ ಹಾಕಿಕೊಂಡು ಬದುಕುವುದು ಸುಲಭ ಅನ್ನುವುದೂ ಇದ್ದೀತು.

ಹೆಸರು ಅಂಟಿಸಿ ಮಾರುವ ವಿಧಾನಗಳನ್ನು ಇಡಿಯಾಗಿ ಪರೀಕ್ಷೆ ಮಾಡಿದ್ದು ಕಡಿಮೆ. ಅವುಗಳ ಒಳಗಿನ ಬಿಡಿಭಾಗಗಳ ಮೇಲೆ ಒಳ್ಳೆಯ ಸಂಶೋಧನೆ ಇದೆ. ಮುಂದಿನ ಉತ್ತರಗಳಲ್ಲಿ ನಾನು ಆ ಬಿಡಿಭಾಗಗಳನ್ನೇ ಜಾಸ್ತಿ ನಂಬಿದ್ದೇನೆ.

ಟು-ಡು ಲಿಸ್ಟ್ ಬರೆದ್ರೆ ಸಾಕಲ್ವಾ? ಇದಕ್ಕೆಲ್ಲ ಸಿಸ್ಟಮ್ ಯಾಕೆ?

ತುಂಬಾ ಜನರಿಗೆ ಪಟ್ಟಿಯೇ ಸಾಕು, ಬರೆಯುವ ರೀತಿ ಸರಿಯಿದ್ದರೆ. ಒಬ್ಬ ಗೆಳತಿ ತೋರಿಸಿದ ಚೀಟಿಯಲ್ಲಿ ಹೀಗಿತ್ತು: 'ಗ್ಯಾಸ್. ಎಲ್‌ಐಸಿ. ಅಪ್ಪನ ಕಣ್ಣು. ಪ್ರಾಜೆಕ್ಟ್. ಅತ್ತಿಗೆ ಸೀಮಂತ.' ಇದರಲ್ಲಿ ಗ್ಯಾಸ್ ಒಂದೇ ಕೆಲಸ. ಫೋನ್ ತೆಗೆದು ಬುಕ್ ಮಾಡಿದರೆ ಮುಗಿಯಿತು. ಉಳಿದವೆಲ್ಲ ಚಿಂತೆಗಳು. ಎಲ್‌ಐಸಿ ಅಂದರೆ ಪ್ರೀಮಿಯಂ ಕಟ್ಟುವುದಾ, ನಾಮಿನಿ ಬದಲಿಸುವುದಾ? ಬರೆದವಳಿಗೇ ನೆನಪಿರಲಿಲ್ಲ. 'ಅಪ್ಪನ ಕಣ್ಣು' ಅನ್ನುವುದನ್ನು 'ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ಕೇಳು' ಅಂತ ಬರೆದಾಗ ಕೈ ತಾನಾಗಿ ಫೋನಿಗೆ ಹೋಗುತ್ತದೆ. ಪ್ರತಿ ಸಾಲಿನಲ್ಲೂ ಒಂದು ಕ್ರಿಯಾಪದ ಇರಲಿ.

ಇನ್ನು ಉದ್ದದ ಮಾತು. 1918ರಲ್ಲಿ ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಚಾರ್ಲ್ಸ್ ಶ್ವಾಬ್‌ಗೆ ಐವಿ ಲೀ ಎಂಬ ಸಲಹೆಗಾರ ಹೇಳಿಕೊಟ್ಟನೆಂಬ ವಿಧಾನ ಇದೆ. ಸಂಜೆ ನಾಳೆಯ ಆರು ಕೆಲಸ ಬರೆಯಿರಿ. ಮುಖ್ಯವಾದದ್ದು ಮೇಲೆ ಬರುವಂತೆ ಜೋಡಿಸಿ. ಬೆಳಿಗ್ಗೆ ಮೊದಲನೆಯದನ್ನು ಹಿಡಿದು, ಅದು ಮುಗಿದ ಮೇಲೆ ಎರಡನೆಯದು. ಉಳಿದದ್ದು ಮರುದಿನದ ಪಟ್ಟಿಗೆ. ಇದಕ್ಕೆ ಶ್ವಾಬ್ 25,000 ಡಾಲರ್ ಚೆಕ್ ಕೊಟ್ಟ ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ. ಕಥೆ ಹೇಗಾದರೂ ಇರಲಿ, ಆರಕ್ಕೆ ನಿಲ್ಲಿಸಿದ್ದು ಜಾಣತನ. ನಾನಾದರೆ ಮೂರು ಅನ್ನುತ್ತೇನೆ.

ನನ್ನ ನೆನಪು ಚೆನ್ನಾಗಿದೆ. ತಲೆಯಲ್ಲೇ ಇಟ್ಕೊಂಡ್ರೆ ಆಗಲ್ವಾ?

ಆಗುತ್ತದೆ, ಆದರೆ ಅದಕ್ಕೊಂದು ಬಾಡಿಗೆ ಕಟ್ಟುತ್ತೀರಿ. ಅರ್ಧಕ್ಕೆ ನಿಂತ ಕೆಲಸ ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತದೆ ಅಂತ ಮನಶ್ಶಾಸ್ತ್ರಜ್ಞೆ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಬರೆದಳು. ನೆನಪಿನ ಆ ಲೆಕ್ಕ ಮುಂದಿನ ಪ್ರಯೋಗಗಳಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಆದರೆ 2011ರಲ್ಲಿ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಇನ್ನೊಂದು ವಿಷಯ ತೋರಿಸಿದರು. ಮುಗಿಯದ ಕೆಲಸ ತಲೆಯಲ್ಲಿದ್ದಾಗ ಓದುತ್ತಿರುವುದರ ಮಧ್ಯೆ ಅದೇ ನುಗ್ಗುತ್ತದೆ. ಅದನ್ನು ಯಾವಾಗ, ಹೇಗೆ ಮಾಡುತ್ತೇವೆ ಅಂತ ಖಚಿತ ಯೋಜನೆ ಹಾಕಿದವರಿಗೆ ಈ ಕಾಟ ಹೋಯಿತು. ಕೆಲಸ ಇನ್ನೂ ಆಗಿರಲಿಲ್ಲ, ಯೋಜನೆ ಮಾತ್ರ ಆಗಿತ್ತು.

ಪುಸ್ತಕನಾ, ಆ್ಯಪಾ?

ದಿನಕ್ಕೆ ಹತ್ತು ಸಲ ಯಾವುದನ್ನು ನೋಡುತ್ತೀರೋ ಅದು. ತಾರೀಕು ಇರುವುದೆಲ್ಲ, ಅಂದರೆ ಕರೆಂಟ್ ಬಿಲ್, ಗಾಡಿ ಇನ್ಶೂರೆನ್ಸ್, ಎಮಿಷನ್ ಟೆಸ್ಟ್, ಫೋನಿನ ಕ್ಯಾಲೆಂಡರ್‌ಗೆ ಹೋಗಲಿ. ಪುಸ್ತಕ ಕೂಗಿ ನೆನಪಿಸುವುದಿಲ್ಲ. ಇವತ್ತಿನ ಮೂರು ಕೆಲಸ ಮಾತ್ರ ಕಾಗದದಲ್ಲಿರಲಿ, ಯಾಕೆಂದರೆ ಪಟ್ಟಿ ನೋಡಲು ಫೋನ್ ತೆಗೆದವರು ವಾಟ್ಸಾಪ್ ನೋಡಿ ಕೆಳಗಿಡುತ್ತಾರೆ.

ಬುಲೆಟ್ ಜರ್ನಲ್ ಬಗ್ಗೆಯೂ ಕೇಳುತ್ತಾರೆ. ರೈಡರ್ ಕ್ಯಾರಲ್ 2013ರಲ್ಲಿ ಹಂಚಿಕೊಂಡ ಮೂಲ ರೂಪ ಬಹಳ ಸರಳ. ಚುಕ್ಕಿ ಅಂದರೆ ಕೆಲಸ, ಗುಣಾಕಾರ ಗುರುತು ಅಂದರೆ ಮುಗಿಯಿತು, ಬಾಣದ ಗುರುತು ಅಂದರೆ ಮುಂದಕ್ಕೆ ಹೋಯಿತು. ಬಣ್ಣದ ಪೆನ್ನು, ಸ್ಟಿಕ್ಕರ್, ಅಂದದ ಅಕ್ಷರ ಎಲ್ಲ ಆಮೇಲೆ ಬೇರೆಯವರು ಸೇರಿಸಿದ್ದು. ಮುಗಿಯದ ಕೆಲಸವನ್ನು ತಿಂಗಳ ಕೊನೆಗೆ ಕೈಯಿಂದಲೇ ಮತ್ತೆ ಬರೆಯಬೇಕು. ಮೂರನೇ ಸಲ ಬರೆಯುವಾಗ ಬೇಜಾರಾಗಿ 'ಇದು ಬೇಡವೇ ಬೇಡ' ಅಂತ ಹೊಡೆದು ಹಾಕುತ್ತೀರಿ. ಅದರ ಉಪಯೋಗವೇ ಅದು. ಆ್ಯಪಿನಲ್ಲಿ ಹಳೆಯ ಕೆಲಸ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ.

## ಒಂದೊಂದನ್ನೂ ತೂಗಿ ನೋಡಿದರೆ

ಪೊಮೊಡೊರೊ ಅಂದ್ರೆ 25 ನಿಮಿಷವೇ ಯಾಕೆ? 40 ಇಟ್ಕೊಂಡ್ರೆ ತಪ್ಪಾ?

ತಪ್ಪೇನಿಲ್ಲ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಓದಲು ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ತಿರುಗಿಸಿಟ್ಟು, ಅದು ಬಡಿಯುವವರೆಗೆ ಮಾತ್ರ ಓದುತ್ತೇನೆ ಅಂತ ಶುರು ಮಾಡಿದ. ಆಮೇಲೆ ಅದು 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ 15ರಿಂದ 30 ನಿಮಿಷದ ದೊಡ್ಡ ಬಿಡುವು ಎಂಬ ನಿಯಮವಾಯಿತು. 25ರಲ್ಲಿ ಮೆದುಳಿನ ಗುಟ್ಟು ಏನೂ ಅಡಗಿಲ್ಲ. 52 ನಿಮಿಷ ಕೆಲಸ, 17 ನಿಮಿಷ ಬಿಡುವು ಅನ್ನುವ ಇನ್ನೊಂದು ಲೆಕ್ಕವೂ ಅಷ್ಟೇ. ಸಮಯ ಅಳೆಯುವ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದು 2014ರಲ್ಲಿ ತನ್ನದೇ ಬಳಕೆದಾರರ ಡೇಟಾದಿಂದ ತೆಗೆದದ್ದು ಅದು.

ಪೊಮೊಡೊರೊ ಗೆಲ್ಲುವುದು ಶುರು ಮಾಡಿಸುವುದರಲ್ಲಿ. ಖರ್ಚಿನ ಬಿಲ್ಲುಗಳನ್ನು ಜೋಡಿಸುವುದು, ಟ್ಯಾಕ್ಸ್ ಕಾಗದ ಹುಡುಕುವುದು, ಲ್ಯಾಬ್ ರೆಕಾರ್ಡ್ ಬರೆಯುವುದು, ಇಂಥ ಮನಸ್ಸಿಲ್ಲದ ಕೆಲಸಕ್ಕೆ '25 ನಿಮಿಷ ಮಾತ್ರ' ಅನ್ನುವ ಮಾತು ಚೆನ್ನಾಗಿ ನಡೆಯುತ್ತದೆ. ಕೋಡ್ ಅಥವಾ ಬರಹ ಸರಾಗವಾಗಿ ಹರಿಯುತ್ತಿರುವಾಗ ಮಾತ್ರ ಅದೇ ಟೈಮರ್ ಶನಿ. ಆಗ ಬಡಿದರೂ ನಿಲ್ಲಿಸಬೇಡಿ, ನಿಮ್ಮನ್ನು ಯಾರೂ ಫೇಲ್ ಮಾಡುವುದಿಲ್ಲ.

ಜನ ಬಿಟ್ಟುಬಿಡುವ ಒಂದು ಭಾಗ ನನಗೆ ಅತಿ ಇಷ್ಟ. ಆ 25 ನಿಮಿಷದಲ್ಲಿ ಬೇರೆ ಏನು ನೆನಪಾದರೂ ಪಕ್ಕದ ಹಾಳೆಯಲ್ಲಿ ಒಂದು ಪದ ಗೀಚಿ ಮುಂದುವರಿಯಬೇಕು. 'ಹಾಲಿನವನು', 'ಕೊರಿಯರ್', 'ಕ್ರಿಕೆಟ್ ಸ್ಕೋರ್'. ಒಂದು ವಾರ ಆ ಹಾಳೆ ಇಟ್ಟುಕೊಂಡು ನೋಡಿ. ಹೊರಗಿನವರಿಗಿಂತ ನೀವೇ ನಿಮ್ಮನ್ನು ಜಾಸ್ತಿ ತಡೆಯುತ್ತಿದ್ದೀರಾ ಅನ್ನುವುದು ಗೊತ್ತಾಗುತ್ತದೆ.

ಅಕ್ಕಾ, ನಾನು ಕೆಎಎಸ್‌ಗೆ ಓದ್ತಿದ್ದೀನಿ. ದಿನಕ್ಕೆ ಎಷ್ಟು ಪೊಮೊಡೊರೊ ಮಾಡಬೇಕು?

ಎಣಿಸುವುದನ್ನು ಮೊದಲು ಬಿಡು. ಹದಿನಾಲ್ಕು ಸುತ್ತು ಮುಗಿಸಿದೆ ಅಂದರೆ ಹದಿನಾಲ್ಕು ಸಲ ಕೂತೆ ಅಂತಷ್ಟೇ, ಎಷ್ಟು ತಲೆಗೆ ಹೋಯಿತು ಅಂತ ಅದು ಹೇಳುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಮಾಡಿದ ಪ್ರಯೋಗ ನೆನಪಿಟ್ಟುಕೋ. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದ್ದವರು ಮುಂದಿದ್ದರು.

ಹಾಗಾಗಿ 25 ನಿಮಿಷ ಓದಿ, ಮುಂದಿನ ಸುತ್ತಿನಲ್ಲಿ ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆ. ಬಿಡುವಿನಲ್ಲಿ ರೀಲ್ಸ್ ಬೇಡ, ಎದ್ದು ಓಡಾಡು. ಮುಖ್ಯ ಪರೀಕ್ಷೆ ಹತ್ತಿರ ಬಂದಾಗ ಟೈಮರನ್ನು ಮೂಲೆಗಿಡು. ಅಲ್ಲಿ ಮೂರು ಗಂಟೆ ಒಂದೇ ಸಮ ಬರೆಯಬೇಕು, 25 ನಿಮಿಷಕ್ಕೆ ಎದ್ದು ರೂಢಿಯಾದ ಬೆನ್ನು ಅಲ್ಲಿ ಮಾತು ಕೇಳುವುದಿಲ್ಲ.

ಟೈಮ್ ಬ್ಲಾಕಿಂಗ್ ಮಾಡ್ತೀನಿ. 11 ಗಂಟೆಯೊಳಗೇ ಎಲ್ಲ ಹಳಿ ತಪ್ಪುತ್ತೆ. ಏನು ಮಾಡ್ಲಿ?

ಬ್ಲಾಕುಗಳನ್ನು ಕಡಿಮೆ ಮಾಡಿ. ದಿನದ ಪ್ರತಿ ಅರ್ಧ ಗಂಟೆಗೂ ಬಣ್ಣ ಹಚ್ಚಿದ ಕ್ಯಾಲೆಂಡರ್ ಫೋಟೋದಲ್ಲಿ ಚೆಂದ. ನಿಜದ ದಿನದಲ್ಲಿ ಒಂದು ಬ್ಲಾಕ್ ಜಾರಿದರೆ ಮುಂದಿನವೆಲ್ಲ ಜಾರುತ್ತವೆ.

ನಾವು ಸಮಯ ಅಂದಾಜು ಮಾಡುವುದರಲ್ಲಿ ಹುಟ್ಟಾ ಕೆಟ್ಟವರು. ಕಾಹ್ನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಇದನ್ನು ಬರೆದರು. 1994ರಲ್ಲಿ ಕೆನಡಾದ ಸಂಶೋಧಕರು ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಆದದ್ದು 55 ದಿನದ ಮೇಲೆ. ತಮಾಷೆ ಏನೆಂದರೆ, 'ಎಲ್ಲವೂ ಕೆಟ್ಟರೆ ಎಷ್ಟು ದಿನ?' ಅಂತ ಕೇಳಿದಾಗ ಹೇಳಿದ್ದೂ ಸುಮಾರು 49 ದಿನ. ಕೆಟ್ಟ ಅಂದಾಜು ಕೂಡ ಸಾಲಲಿಲ್ಲ.

ಪರಿಹಾರ ನಿಮ್ಮ ಹಳೆಯ ದಾಖಲೆಯಲ್ಲಿದೆ. ಕಳೆದ ಸಲ ಇದೇ ರಿಪೋರ್ಟ್‌ಗೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ, ಅದನ್ನೇ ಬರೆಯಿರಿ. 'ಈ ಸಲ ಬೇಗ ಆಗುತ್ತೆ' ಅನ್ನುವ ಒಳದನಿಗೆ ಬಾಗಿಲು ಹಾಕಿ. ದಿನಕ್ಕೆ ಎರಡೇ ಬ್ಲಾಕ್ ಇರಲಿ, ಒಂದೊಂದು 90 ನಿಮಿಷ. ಉಳಿದದ್ದು ತೆರೆದಿರಲಿ. ಬೆಂಗಳೂರಿನಲ್ಲಿ ಕೆಲಸದ ನಡುವೆ ಎಲ್ಲಿಗಾದರೂ ಹೋಗುವುದಿದ್ದರೆ ಅದನ್ನೂ ಕೆಲಸದ ಹಾಗೇ ಕ್ಯಾಲೆಂಡರ್‌ನಲ್ಲಿ ಹಾಕಿ. ಸಿಲ್ಕ್ ಬೋರ್ಡ್ ದಾಟುವುದು ಬ್ಲಾಕುಗಳ ಮಧ್ಯದ ಗೆರೆಯಲ್ಲಿ ಹಿಡಿಸುವುದಿಲ್ಲ.

ಅರ್ಜೆಂಟ್, ಮುಖ್ಯ ಅಂತ ನಾಲ್ಕು ಮನೆ ಹಾಕ್ತಾರಲ್ಲ, ಅದರಿಂದ ಏನಾದ್ರೂ ಉಪಯೋಗ ಇದ್ಯಾ? ನಮ್ಮ ಬಾಸ್‌ಗೆ ಎಲ್ಲಾನೂ ಅರ್ಜೆಂಟೇ.

ದಿನನಿತ್ಯಕ್ಕೆ ಉಪಯೋಗ ಕಡಿಮೆ. ಅರ್ಜೆಂಟಾ ಅಲ್ಲವಾ, ಮುಖ್ಯವಾ ಅಲ್ಲವಾ ಅಂತ ಕೆಲಸಗಳನ್ನು ನಾಲ್ಕು ಮನೆಗೆ ಹಂಚುವ ಈ ಪದ್ಧತಿಗೆ ಐಸೆನ್‌ಹೋವರ್ ಹೆಸರು ಅಂಟಿದೆ. ಅಮೆರಿಕದ ಅಧ್ಯಕ್ಷನಾಗಿದ್ದಾಗ 1954ರ ಒಂದು ಭಾಷಣದಲ್ಲಿ, ಅರ್ಜೆಂಟ್ ಮತ್ತು ಮುಖ್ಯ ಎಂಬ ಎರಡು ಬಗೆಯ ಸಮಸ್ಯೆಗಳ ಮಾತನ್ನು ಕಾಲೇಜೊಂದರ ಮಾಜಿ ಮುಖ್ಯಸ್ಥರೊಬ್ಬರು ಹೇಳಿದ್ದೆಂದು ಆತ ಉಲ್ಲೇಖಿಸಿದ. ನಾಲ್ಕು ಮನೆ ಆತ ಹಾಕಿದ್ದಲ್ಲ. ಅದು ಮನೆಮಾತಾದದ್ದು 1989ರಲ್ಲಿ ಬಂದ ಸ್ಟೀಫನ್ ಕೋವಿಯ ಪುಸ್ತಕದಿಂದ.

ತೊಂದರೆ ಏನೆಂದರೆ, ಯಾವುದು ಮುಖ್ಯ ಅಂತ ನಮಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ಅರ್ಜೆಂಟಿನ ಕಡೆ ಕೈ ಹೋಗುತ್ತದೆ. 2018ರ ಪ್ರಯೋಗಗಳಲ್ಲಿ, ಜಾಸ್ತಿ ಲಾಭದ ಕೆಲಸಕ್ಕೆ ಸಮಯ ಧಾರಾಳವಾಗಿದ್ದಾಗ ಜನ ಅದನ್ನು ಬಿಟ್ಟು, ಗಡುವು ಮುಗಿಯುತ್ತಿದೆ ಅನ್ನಿಸಿದ ಕಡಿಮೆ ಲಾಭದ ಕೆಲಸ ಆರಿಸಿಕೊಂಡರು. ತಮಗೆ ಪುರುಸೊತ್ತೇ ಇಲ್ಲ ಅಂದುಕೊಳ್ಳುವವರಲ್ಲಿ ಇದು ಇನ್ನೂ ಜಾಸ್ತಿ. ಆರಿಸುವ ಹೊತ್ತಿನಲ್ಲೇ ಎರಡರ ಲಾಭವನ್ನೂ ಕಣ್ಣೆದುರು ಇಟ್ಟಾಗ ಆ ಸೆಳೆತ ಕಡಿಮೆಯಾಯಿತು. ಹಾಗಾಗಿ ಮನೆ ಹಾಕುವ ಬದಲು, ಮುಖ್ಯ ಕೆಲಸದ ಪಕ್ಕದಲ್ಲಿ 'ಇದು ಆದರೆ ಏನು ಸಿಗುತ್ತದೆ' ಅಂತ ಒಂದು ಸಾಲು ಬರೆಯಿರಿ. ಬಾಸ್ ವಿಷಯಕ್ಕೆ ಕೊನೆಯ ಪ್ರಶ್ನೆ ನೋಡಿ.

ಕಷ್ಟದ ಕೆಲಸ ಬೆಳಿಗ್ಗೆ ಮೊದಲು ಮಾಡಬೇಕಂತೆ. ಬೆಳಿಗ್ಗೆ ನನಗೆ ತಿಂಡಿ, ಡಬ್ಬಿ, ಸ್ಕೂಲ್ ವ್ಯಾನ್. ಯಾವಾಗ ಮಾಡ್ಲಿ?

ವ್ಯಾನ್ ಹೋದ ಮೇಲೆ. 'ಕಪ್ಪೆಯನ್ನು ಮೊದಲು ನುಂಗು' ಅನ್ನುವ ಈ ಸಲಹೆಗೆ ಮಾರ್ಕ್ ಟ್ವೈನ್ ಹೆಸರು ಹಾಕುತ್ತಾರೆ, ಅವನು ಹೇಳಿದ್ದಕ್ಕೆ ಆಧಾರ ಸಿಕ್ಕಿಲ್ಲ. ಇದರ ತಿರುಳು ಬೆಳಗಿನ ಜಾವದಲ್ಲಿಲ್ಲ. ನಿಮಗೆ ಸಿಗುವ ಮೊದಲ ಖಾಲಿ ಹೊತ್ತನ್ನು ಚಿಲ್ಲರೆ ಕೆಲಸಕ್ಕೆ ಕೊಡಬೇಡಿ ಅನ್ನುವುದರಲ್ಲಿದೆ. ನಿಮಗೆ ಅದು ಒಂಬತ್ತೂವರೆಗೆ ಬರಬಹುದು, ಮಧ್ಯಾಹ್ನ ಮೂರಕ್ಕೂ ಬರಬಹುದು. ಪಾತ್ರೆ ಕಾಯುತ್ತದೆ.

ಐದು ಗಂಟೆಗೆ ಏಳಲೇಬೇಕಾ?

ಬೇಡ. ಹತ್ತಕ್ಕೆ ಮಲಗುವವರು ಐದಕ್ಕೆ ಏಳಲಿ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು ಅಂತ ನಿದ್ರಾತಜ್ಞರು ಹೇಳುತ್ತಾರೆ. ಅಮೆರಿಕದ ಟೀಮಿನ ಜೊತೆ ರಾತ್ರಿ ಹನ್ನೊಂದರವರೆಗೆ ಕಾಲ್‌ನಲ್ಲಿರುವವರು ಬ್ರಾಹ್ಮೀ ಮುಹೂರ್ತದ ಹಿಂದೆ ಬಿದ್ದರೆ ಮಧ್ಯಾಹ್ನ ಕೀಬೋರ್ಡ್ ಮೇಲೆ ತೂಕಡಿಸುತ್ತಾರೆ.

ಜಿಟಿಡಿ ಶುರು ಮಾಡಿದೆ, ಎರಡು ವಾರಕ್ಕೆ ಕೈಬಿಟ್ಟೆ. ಅದರಲ್ಲಿ ಏನು ಉಳಿಸ್ಕೋಬೇಕು?

ಡೇವಿಡ್ ಅಲೆನ್ 2001ರಲ್ಲಿ ಹೇಳಿದ ಈ ಪದ್ಧತಿಯಲ್ಲಿ ಐದು ಹಂತ. ತಲೆಯಲ್ಲಿರುವುದನ್ನೆಲ್ಲ ಹೊರಗೆ ಹಾಕುವುದು, ಪ್ರತಿಯೊಂದಕ್ಕೂ ಮುಂದಿನ ಹೆಜ್ಜೆ ಏನು ಅಂತ ತೀರ್ಮಾನಿಸುವುದು, ಸರಿಯಾದ ಪಟ್ಟಿಗೆ ಸೇರಿಸುವುದು, ಆಗಾಗ ತಿರುವಿ ನೋಡುವುದು, ಮಾಡುವುದು. ಮೊದಲ ದಿನ ಎಲ್ಲವನ್ನೂ ಹೊರಗೆ ಹಾಕಿದಾಗ ಆಹಾ ಅನ್ನಿಸುತ್ತದೆ. ಆಮೇಲೆ ಪಟ್ಟಿಗಳನ್ನು ಸಾಕುವುದೇ ಒಂದು ನೌಕರಿ. ಕೈಬಿಡುವವರು ಹೆಚ್ಚಾಗಿ ಅಲ್ಲೇ ಬಿಡುತ್ತಾರೆ.

ನಾನು ಎರಡು ತುಂಡು ಉಳಿಸಿಕೊಳ್ಳಿ ಅನ್ನುತ್ತೇನೆ. ಒಂದು, ವಾರಕ್ಕೊಮ್ಮೆ ಎಲ್ಲ ತಿರುವಿ ನೋಡುವುದು. ಭಾನುವಾರ ಸಂಜೆ ಅರ್ಧ ಗಂಟೆ ಸಿಕ್ಕರೂ ಆಯಿತು: ಕಳೆದ ವಾರದ ಕ್ಯಾಲೆಂಡರ್, ಬರುವ ವಾರದ ಕ್ಯಾಲೆಂಡರ್, ಪಟ್ಟಿ. ಎರಡು, 'ಬೇರೆಯವರಿಂದ ಬರಬೇಕಾದ್ದು' ಅನ್ನುವ ಪಟ್ಟಿ. ನಮ್ಮಲ್ಲಿ ಅರ್ಧ ಕೆಲಸ ಕೂತಿರುವುದು ಇನ್ನೊಬ್ಬರ ಹತ್ತಿರ. ಎಲೆಕ್ಟ್ರಿಷಿಯನ್ ಸೋಮವಾರ ಬರುತ್ತೇನೆ ಅಂದದ್ದು, ಬ್ಯಾಂಕಿನವರು ಚೆಕ್‌ಬುಕ್ ಕಳಿಸುತ್ತೇವೆ ಅಂದದ್ದು, ಖಾತೆ ಬದಲಾವಣೆಗೆ ಅರ್ಜಿ ಕೊಟ್ಟದ್ದು, ಭಾವ ಇಸಿದುಕೊಂಡ ಡ್ರಿಲ್ಲಿಂಗ್ ಮಷೀನ್. ಯಾರು, ಏನು, ಯಾವ ತಾರೀಕು ಅಂದರು, ಇಷ್ಟೇ ಬರೆದಿಡಿ. 'ನೀವು 12ನೇ ತಾರೀಕು ಅಂದಿದ್ರಿ' ಅಂತ ಫೋನ್ ಮಾಡಿದಾಗ ಸಿಗುವ ಉತ್ತರವೇ ಬೇರೆ.

ಎರಡು ನಿಮಿಷದ ನಿಯಮಕ್ಕೆ ಮಾತ್ರ ಎಚ್ಚರಿಕೆ. ಎರಡು ನಿಮಿಷದೊಳಗೆ ಆಗುವುದನ್ನು ಈಗಲೇ ಮಾಡು ಅನ್ನುವುದು, ಬಂದದ್ದನ್ನೆಲ್ಲ ವಿಂಗಡಿಸಲು ಕೂತಾಗ ಮಾತ್ರ. ಇಡೀ ದಿನ ಅದನ್ನೇ ಪಾಲಿಸಿದರೆ ಎರಡು ನಿಮಿಷದ ಕೆಲಸಗಳೇ ದಿನವನ್ನು ತಿಂದು ಹಾಕುತ್ತವೆ.

ಕಾನ್ಬಾನ್ ಬೋರ್ಡು ಆಫೀಸಿಗೆ ಸರಿ. ಮನೆಯಲ್ಲಿ ಒಬ್ಬರಿಗೆ ಅದು ಬೇಕಾ?

ಯಾವ ಕೆಲಸ ಯಾವ ಹಂತದಲ್ಲಿದೆ ಅಂತ ಚೀಟಿ ಅಂಟಿಸಿ ತೋರಿಸುವ ಆ ಬೋರ್ಡು ಬೇಡ, ಅದರ ಒಂದು ನಿಯಮ ಬೇಕು. ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೊ ಬೆಳೆಸಿದ ಪದ್ಧತಿ ಇದು. ಮುಂದಿನ ಹಂತದವರು ಚೀಟಿ ಕಳಿಸಿದರೆ ಮಾತ್ರ ಹಿಂದಿನವರು ಹೊಸ ಬಿಡಿಭಾಗ ಮಾಡಬೇಕು. ಹೀಗಾಗಿ ಕೈಯಲ್ಲಿರುವ ಅರೆಬರೆ ಕೆಲಸಕ್ಕೆ ಮಿತಿ ಬೀಳುತ್ತದೆ.

ಇದನ್ನು ನೋಡಬೇಕೆಂದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಒಳ್ಳೆಯ ಲೇಡೀಸ್ ಟೈಲರ್ ಅಂಗಡಿಗೆ ಹೋಗಿ. ಗೋಡೆಯ ಹತ್ತಿರ ಕವರುಗಳು: ಬಟ್ಟೆ, ಲೈನಿಂಗ್, ಅಳತೆ ಬ್ಲೌಸ್, ಮೇಲೆ ಪಿನ್ ಹಾಕಿದ ಬಿಲ್ಲಿನ ತುಂಡು. ಮೇಜಿನ ಮೇಲೆ ಕತ್ತರಿಸಿ ದಾರ ಸುತ್ತಿಟ್ಟ ಕಟ್ಟುಗಳು. ಮೂಲೆಯಲ್ಲಿ ಹುಕ್ಸ್ ಮತ್ತು ಹೆಮ್ಮಿಂಗ್‌ಗೆ ಕಾಯುತ್ತಿರುವ ರಾಶಿ. ಹ್ಯಾಂಗರ್‌ನಲ್ಲಿ ಇಸ್ತ್ರಿಯಾದವು. ಕೈಹೊಲಿಗೆಯ ಹುಡುಗಿ ರಜೆ ಹಾಕಿದರೆ ಆ ಮೂಲೆಯ ರಾಶಿ ಬೆಳೆಯುತ್ತದೆ. ಅನುಭವ ಇರುವ ಟೈಲರ್ ಆಗ ಹೊಸ ಬಟ್ಟೆಗೆ ಕತ್ತರಿ ಹಾಕುವುದನ್ನು ನಿಲ್ಲಿಸಿ ತಾನೇ ಸೂಜಿ ಹಿಡಿದು ಕೂರುತ್ತಾಳೆ. ಕತ್ತರಿಸಿದ ನೂರು ಬ್ಲೌಸು ಯಾರಿಗೂ ಹಬ್ಬಕ್ಕೆ ಬರುವುದಿಲ್ಲ ಅಂತ ಅವಳಿಗೆ ಗೊತ್ತು.

ಲೆಕ್ಕವೂ ಸುಲಭ. ದಿನಕ್ಕೆ ಮೂರು ಬ್ಲೌಸ್ ಮುಗಿಯುತ್ತದೆ ಅಂತಿಟ್ಟುಕೊಳ್ಳಿ. ಕೈಯಲ್ಲಿ 12 ಇದ್ದರೆ ಒಂದೊಂದಕ್ಕೆ ಸರಾಸರಿ 4 ದಿನ. 30 ಇದ್ದರೆ 10 ದಿನ. ಕೆಲಸದ ವೇಗ ಅಷ್ಟೇ ಇದೆ, ಕಾಯುವವರ ಸಂಖ್ಯೆ ಮಾತ್ರ ಬದಲಾಗಿದೆ. ನಿಮ್ಮ ಅರ್ಧ ಓದಿದ ಆನ್‌ಲೈನ್ ಕೋರ್ಸು, ಅರ್ಧ ಬರೆದ ರೆಸ್ಯೂಮೆ, ಅರ್ಧ ಜೋಡಿಸಿದ ಕಪಾಟು ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಮೂರಕ್ಕಿಂತ ಹೆಚ್ಚು ತೆರೆದಿಡಬೇಡಿ. ಶುರು ಮಾಡುವುದರಲ್ಲಿ ಹುಲಿ, ಮುಗಿಸುವುದರಲ್ಲಿ ಇಲಿ ಆದವರಿಗೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ.

21 ದಿನ ಮಾಡಿದ್ರೆ ಅಭ್ಯಾಸ ಆಗೋಗುತ್ತಂತೆ, ನಿಜವಾ?

ಕೆಲವರಿಗೆ, ಕೆಲವಕ್ಕೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ 96 ಜನರನ್ನು ಹಿಂಬಾಲಿಸಿ ನೋಡಿದಾಗ ಮಧ್ಯದ ಲೆಕ್ಕ 66 ದಿನ ಬಂತು. ಒಬ್ಬೊಬ್ಬರ ಅಂದಾಜು 18ರಿಂದ 254 ದಿನದವರೆಗೆ ಹರಡಿತ್ತು. ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ಕ್ಯಾಲೆಂಡರ್‌ನಲ್ಲಿ ದಿನಾ ಗುಣಾಕಾರ ಗುರುತು ಹಾಕಿ ಸರಪಳಿ ಮುರಿಯದಂತೆ ನೋಡಿಕೊಳ್ಳುವ ವಿಧಾನದ ದೌರ್ಬಲ್ಯವೂ ಇದೇ. ಒಂದು ದಿನ ಜ್ವರ ಬಂದು ಸರಪಳಿ ಮುರಿದರೆ ಜನ ಪೂರ್ತಿ ಬಿಟ್ಟುಬಿಡುತ್ತಾರೆ. ಆ ಸರಪಳಿ ವಿಧಾನಕ್ಕೆ ಹಾಸ್ಯನಟ ಜೆರ್ರಿ ಸೈನ್‌ಫೆಲ್ಡ್ ಹೆಸರು ಹೇಳುತ್ತಾರೆ, ಆತ 2014ರಲ್ಲಿ 'ಅದು ನನ್ನ ಐಡಿಯಾ ಅಲ್ಲ' ಅಂದ.

ಎಲ್ಲದಕ್ಕೂ ಅಂಕ ಕೊಡಿ ಅಂದ್ರೆ ಹೇಗೆ ಕೊಡ್ತೀರಿ?

ವಾರದ ಅವಲೋಕನ ಮತ್ತು ಕೈಯಲ್ಲಿರುವ ಕೆಲಸಕ್ಕೆ ಮಿತಿ, ಇವೆರಡಕ್ಕೆ ಮೊದಲ ಸ್ಥಾನ. ಪೊಮೊಡೊರೊ ಒಳ್ಳೆಯದು, ಆದರೆ ಅದು ಸ್ಟಾರ್ಟರ್ ಮೋಟಾರು ಇದ್ದ ಹಾಗೆ. ಗಾಡಿ ಓಡಿಸುವುದು ಅದರ ಕೆಲಸವಲ್ಲ. ಟೈಮ್ ಬ್ಲಾಕಿಂಗ್ ದಿನ ತಮ್ಮದಾಗಿರುವವರಿಗೆ ತುಂಬಾ ಉಪಯೋಗ, ಉಳಿದವರಿಗೆ ಬರೀ ಪಶ್ಚಾತ್ತಾಪ. ನಾಲ್ಕು ಮನೆ ಕೊನೆಯಲ್ಲಿ.

## ಸ್ವಲ್ಪ ಆಳಕ್ಕೆ ಇಳಿದವರಿಗೆ

ನಂದು ಕಿರಾಣಿ ಅಂಗಡಿ. ಗಿರಾಕಿ ಯಾವಾಗ ಬರ್ತಾರೋ ಗೊತ್ತಿಲ್ಲ. ನನ್ನ ದಿನ ನನ್ನ ಕೈಯಲ್ಲೇ ಇಲ್ಲ. ನಮ್ಮಂಥವರಿಗೆ ಏನಾದ್ರೂ ಇದ್ಯಾ?

ಇದೆ, ಮತ್ತು ಇಡೀ ಪಟ್ಟಿಯಲ್ಲಿ ಸಂಶೋಧನೆಯ ಬೆಂಬಲ ಹೆಚ್ಚಿರುವುದೇ ಅದಕ್ಕೆ. 'ಹೀಗಾದಾಗ ಹೀಗೆ ಮಾಡುತ್ತೇನೆ' ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1990ರ ದಶಕದಿಂದ ಇದರ ಬೆನ್ನು ಹತ್ತಿದ್ದಾರೆ. 2006ರಲ್ಲಿ 94 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಬರೀ 'ಮಾಡಬೇಕು' ಅಂದುಕೊಂಡವರಿಗಿಂತ ಹೀಗೆ ಕಟ್ಟಿಕೊಂಡವರು ಸ್ಪಷ್ಟವಾಗಿ ಮುಂದಿದ್ದರು.

ಗಡಿಯಾರಕ್ಕೆ ಕಟ್ಟಬೇಡಿ, ದಿನಾ ಹೇಗೂ ಆಗುವ ಘಟನೆಗೆ ಕಟ್ಟಿ. 'ಮಧ್ಯಾಹ್ನ ಶಟರ್ ಅರ್ಧ ಇಳಿಸಿದ ತಕ್ಷಣ, ಊಟದ ಡಬ್ಬಿ ತೆಗೆಯುವ ಮುಂಚೆ, ಬೆಳಗಿನ ಉದ್ರಿ ಬರೆಯುತ್ತೇನೆ.' 'ಹಾಲಿನ ಕ್ರೇಟ್ ಇಳಿದ ತಕ್ಷಣ ನಿನ್ನೆಯ ಖಾಲಿ ಸಾಮಾನಿನ ಪಟ್ಟಿ ಮಾಡುತ್ತೇನೆ.' ಮನೆಯಲ್ಲಿರುವವರಿಗೆ ಕುಕ್ಕರ್ ಸೀಟಿ, ಪೂಜೆ ಮುಗಿಯುವುದು, ಮಗು ಮಲಗುವುದು. ಇವು ಒಂದು ದಿನ ಬೇಗ, ಒಂದು ದಿನ ತಡವಾಗಬಹುದು. ಆದರೆ ಆಗಿಯೇ ಆಗುತ್ತವೆ.

ಮೂರು ಮಾತು ನೆನಪಿಡಿ. ಘಟನೆ ಕಣ್ಣಿಗೆ ಕಾಣುವಂಥದ್ದಾಗಿರಲಿ, 'ಪುರುಸೊತ್ತಾದಾಗ' ಅನ್ನುವುದು ಘಟನೆಯಲ್ಲ. ಕೆಲಸ ಚಿಕ್ಕದಿರಲಿ. ಒಂದೇ ಸಲಕ್ಕೆ ಎಂಟು ಹತ್ತು ಹೀಗೆ ಕಟ್ಟಬೇಡಿ. ಗುರಿಗಳು ಜಾಸ್ತಿಯಾದಷ್ಟೂ ಈ ಉಪಾಯದ ಬಲ ಕುಗ್ಗುತ್ತದೆ ಅಂತ 2012ರ ಅಧ್ಯಯನವೊಂದು ತೋರಿಸಿದೆ.

ಎರಡು ಮೀಟಿಂಗ್ ಮಧ್ಯೆ ಅರ್ಧ ಗಂಟೆ ಸಿಗುತ್ತೆ. ಅಷ್ಟರಲ್ಲಿ ಏನೂ ಆಗಲ್ಲ. ಯಾಕೆ?

ಹಿಂದಿನ ಮೀಟಿಂಗ್ ತಲೆಯಿಂದ ಇಳಿದಿರುವುದಿಲ್ಲ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಿಂದೆಯೇ ಉಳಿಯುತ್ತದೆ ಅಂತ ಸೋಫಿ ಲೆರೋಯ್ 2009ರಲ್ಲಿ ತೋರಿಸಿದರು. ಅರ್ಧಕ್ಕೆ ಬಿಟ್ಟ ಕೆಲಸವಾದರೆ ಇನ್ನೂ ಜಾಸ್ತಿ. 2018ರಲ್ಲಿ ಅವರೇ ಇನ್ನೊಬ್ಬರ ಜೊತೆ ಸೇರಿ ಒಂದು ಸುಲಭದ ಮದ್ದನ್ನೂ ಪರೀಕ್ಷಿಸಿದರು. ಎದ್ದು ಹೋಗುವ ಮುಂಚೆ ಒಂದು ನಿಮಿಷ, ಎಲ್ಲಿ ನಿಂತಿದ್ದೇನೆ, ವಾಪಸ್ ಬಂದಾಗ ಮೊದಲು ಏನು ಮಾಡಬೇಕು ಅಂತ ಬರೆದಿಡುವುದು. ಹಾಗೆ ಮಾಡಿದವರು ಮುಂದಿನ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡಿದರು.

ಕಂಪನಿಯಲ್ಲಿ ನಿಮ್ಮ ಮಾತು ನಡೆಯುವುದಿದ್ದರೆ ಮೀಟಿಂಗ್‌ಗಳನ್ನು ಒಂದಕ್ಕೊಂದು ಅಂಟಿಸಿ ಹಾಕಿಸಿಕೊಳ್ಳಿ. ಹೇಗೂ ಸಂಜೆ ಅಮೆರಿಕದವರು ಏಳುತ್ತಾರೆ, ಬೆಂಗಳೂರಿನ ಬೆಳಿಗ್ಗೆ ಖಾಲಿ ಇರುತ್ತದೆ. ಆ ಹೊತ್ತಿನಲ್ಲಿ ಲೋಕಲ್ ಟೀಮಿನ ಮೀಟಿಂಗ್ ತುಂಬುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ.

ತಿಂಗಳಿಗೊಂದು ಆ್ಯಪ್ ಬದಲಾಯಿಸ್ತೀನಿ. ಹೊಸದ್ರಲ್ಲಿ ಒಂದು ವಾರ ಚೆನ್ನಾಗಿ ನಡೆಯುತ್ತೆ.

ಆ ವಾರ ಚೆನ್ನಾಗಿ ನಡೆಯುವುದು ಹೊಸ ಆ್ಯಪಿನಿಂದಲ್ಲ. ಬದಲಾಯಿಸುವಾಗ ಹಳೆಯ ಪಟ್ಟಿಯನ್ನೆಲ್ಲ ತಿರುವಿ, ಬೇಡದ್ದನ್ನು ಬಿಸಾಕಿ, ಬೇಕಾದ್ದನ್ನು ಮಾತ್ರ ಒಯ್ದಿರುತ್ತೀರಿ. ಅದನ್ನು ಇರುವ ಆ್ಯಪಿನಲ್ಲೇ ತಿಂಗಳಿಗೊಮ್ಮೆ ಮಾಡಿ.

ನನಗೆ ಎಡಿಎಚ್‌ಡಿ ಇದೆ ಅನ್ಸುತ್ತೆ. ಯಾವ ವಿಧಾನವೂ ನಿಲ್ಲಲ್ಲ.

ಎಡಿಎಚ್‌ಡಿ ಅಂದರೆ ಗಮನ ಒಂದು ಕಡೆ ನಿಲ್ಲಿಸಲು ಕಷ್ಟವಾಗುವ ತೊಂದರೆ. 'ಅನ್ಸುತ್ತೆ' ಅನ್ನುವುದನ್ನು ಮೊದಲು ವೈದ್ಯರ ಹತ್ತಿರ ಖಚಿತ ಮಾಡಿಕೊಳ್ಳಿ. ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಚಿಕಿತ್ಸೆ ಬೇಕಾದ ಕಡೆ ಟೈಮರ್ ಇಟ್ಟುಕೊಂಡು ಒದ್ದಾಡುವುದು ಸುಮ್ನೆ ಹಿಂಸೆ.

ಅದರ ಜೊತೆಗೆ ಅನೇಕರು ಉಪಯೋಗ ಆಯಿತು ಅನ್ನುವುದು ಇನ್ನೊಬ್ಬರ ಎದುರು ಕೂತು ಕೆಲಸ ಮಾಡುವುದು. ಅವರು ಸಹಾಯ ಮಾಡಬೇಕಾಗಿಲ್ಲ, ತಮ್ಮ ಪಾಡಿಗೆ ಇದ್ದರೆ ಸಾಕು. ವಿಡಿಯೋ ಕಾಲ್ ಹಾಕಿಟ್ಟುಕೊಂಡರೂ ಆಗುತ್ತದೆ. ಓಣಿಯ ಲೈಬ್ರರಿಯಲ್ಲಿ ಓದಿದರೆ ತಲೆಗೆ ಹತ್ತುತ್ತದೆ ಅಂತ ಪರೀಕ್ಷೆಗೆ ಓದುವವರು ಅಲ್ಲಿಗೇ ಹೋಗಿ ಕೂರುತ್ತಾರಲ್ಲ, ಅದೂ ಇದೇ.

ಬೇಗ ಮುಗಿಸಿದ್ರೆ ಇನ್ನಷ್ಟು ಕೆಲಸ ಹೊರಿಸ್ತಾರೆ. ಹಾಗಾದ್ರೆ ಇದೆಲ್ಲ ಯಾಕೆ ಮಾಡ್ಬೇಕು?

ಇದು ಸರಿಯಾದ ಪ್ರಶ್ನೆ. ಕೊಟ್ಟ ಸಮಯ ತುಂಬುವಷ್ಟು ಕೆಲಸ ಹಿಗ್ಗುತ್ತದೆ ಅಂತ ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1955ರಲ್ಲಿ ಬರೆದ. ಆಫೀಸಿನಲ್ಲಿ ಅದರ ಇನ್ನೊಂದು ಮುಖವೂ ಇದೆ: ಖಾಲಿ ಕಂಡ ಕೈಗೆ ಕೆಲಸ ಬಂದು ಬೀಳುತ್ತದೆ. ಇಲ್ಲಿ ಯಾವ ಟೈಮರೂ ಕೆಲಸ ಮಾಡುವುದಿಲ್ಲ. ನಿಮ್ಮ ಮೇಲೆ ಎಷ್ಟಿದೆ ಅನ್ನುವುದು ಬೇರೆಯವರ ಕಣ್ಣಿಗೆ ಕಾಣಬೇಕು.

ಕೈಯಲ್ಲಿರುವ ಕೆಲಸ, ಯಾರಿಗೆ, ಯಾವ ತಾರೀಕಿಗೆ ಅಂತ ಒಂದೇ ಪುಟದ ಪಟ್ಟಿ ಇಟ್ಟುಕೊಳ್ಳಿ. ಬಾಸ್ ಹೊಸದನ್ನು ತಂದಾಗ 'ಆಗಲ್ಲ ಸರ್' ಅನ್ನಬೇಡಿ. ಪಟ್ಟಿ ತೋರಿಸಿ, 'ಇದನ್ನ ತಗೋತೀನಿ ಸರ್, ಇದರಲ್ಲಿ ಯಾವುದನ್ನ ಹಿಂದಕ್ಕೆ ಹಾಕಲಿ?' ಅಂತ ಕೇಳಿ. ಕೆಲವರು 'ಎಲ್ಲಾನೂ ಬೇಕು' ಅನ್ನುತ್ತಾರೆ. ಆಗ ನೀವೇ ಒಂದು ಕ್ರಮ ಹಾಕಿ, ಕೊನೆಯ ಎರಡಕ್ಕೆ ಹೊಸ ತಾರೀಕು ಬರೆದು, ಅದೇ ಸಂಜೆ ನಾಲ್ಕು ಸಾಲಿನ ಮೇಲ್ ಕಳಿಸಿ. ಬದಲಾವಣೆ ಬೇಕಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ ಅಂತ ಕೊನೆಯಲ್ಲಿ ಸೇರಿಸಿ.